ಸೈಲೆನ್ಸರ್ ಕಿತ್ತು ಒಗೆಯುವ ಮುಂಚೆ

ಮಾನ್ಯರೇ,

ಬುಲೆಟ್ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹರಿಸುವ ಫೋಟೋ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಒಳ್ಳೆಯದೇ. ಆದರೆ ಹಳೆ ಕಾರುಗಳ ಕೆಳಗೆ ಬಗ್ಗಿ ನೋಡುವವರು ಮಾತ್ರ ಯಾರೂ ಇಲ್ಲ.

ನನ್ನ ಹತ್ತಿರ ಅಪ್ಪ ಕೊಂಡ 1982ರ ಪ್ರೀಮಿಯರ್ ಪದ್ಮಿನಿ ಇದೆ. ಕಳೆದ ಮಳೆಗಾಲದಲ್ಲಿ ಅದರ ಸದ್ದು ಜಾಸ್ತಿಯಾಯಿತು. ಮಳೆ ಅಂತ ಗಾಜು ಏರಿಸಿಕೊಂಡು ಖಾನಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಹೆಂಡತಿಗೆ ತಲೆನೋವು, ನನಗೂ ಏನೋ ಮಂಪರು. ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ, "ಸೈಲೆನ್ಸರ್ ಜಂಗ್ ಹಿಡದೈತ್ರಿ ಸಾಹೇಬ್ರ, ತಗದ ಒಗದು ಸೀದಾ ಪೈಪ್ ಹಾಕ್ತೀನಿ, ಗಾಡಿ ಹುಲಿ ಹಂಗ ಗುರ್ ಅಂತೈತಿ" ಎಂದ. ನನಗೆ ಹುಲಿ ಬೇಕಿರಲಿಲ್ಲ.

ಉದ್ಯಮಬಾಗ ಕಡೆಯ ಒಬ್ಬ ವಯಸ್ಸಾದ ಮಿಸ್ತ್ರಿಗೆ ತೋರಿಸಿದೆ. ಅವರು ಬೆಳಿಗ್ಗೆ ತಣ್ಣಗಿದ್ದ ಇಂಜಿನ್ ಶುರು ಮಾಡಿ, ಹಿಂದಿನ ಪೈಪಿಗೆ ದಪ್ಪ ಬಟ್ಟೆ ಒತ್ತಿ ಒಂದು ಗಳಿಗೆ ಕಿವಿಗೊಟ್ಟರು. ಮುಂದಿನಿಂದ ಬುಸ್ ಬುಸ್ ಅಂತ ಸದ್ದು. ಇಂಜಿನ್‌ನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್‌ಗೆ ಪೈಪ್ ಕೂಡುವ ಕಡೆ, ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟು, ಸುತ್ತ ಕಪ್ಪು ಮಸಿ ಮೆತ್ತಿಕೊಂಡಿತ್ತು. ಸೈಲೆನ್ಸರ್ ಕಿತ್ತಿದ್ದರೂ ಹೊಗೆ ಅಲ್ಲಿಂದಲೇ ಒಳಗೆ ಬರುತ್ತಿತ್ತು, ಆ ಅಬ್ಬರದಲ್ಲಿ ಸೋರುವ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ ಅಲ್ವಾ.

ತುಕ್ಕು ಹಿಡಿದ ನಟ್‌ಗಳಿಗೆ ಅವರು ರಾತ್ರಿಯೇ ಎಣ್ಣೆ ಬಿಟ್ಟು, ಮರುದಿನ ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ತಿರುಗಿಸಿ ಬಿಚ್ಚಿದರು. ಜೋರು ಮಾಡಿದರೆ ನಟ್ ಕೂರುವ ಸ್ಟಡ್ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಡ್ರಿಲ್ ಹೊಡೆಯಬೇಕು. ಹೊಸ ಗ್ಯಾಸ್ಕೆಟ್, ಹಿತ್ತಾಳೆ ನಟ್, ತೂತಾದ ಸೈಲೆನ್ಸರ್‌ಗೆ ತಗಡಿನ ತೇಪೆ, ಪೈಪ್ ತೂಗಲು ತಂತಿ ಕಟ್ಟಿದ್ದ ಕಡೆ ರಬ್ಬರ್. ಒಂದೂವರೆ ದಿನ, ಅಷ್ಟೇ. ಇನ್ನು ಮೇಲೆ ಸುಮ್ನೆ ಹಾಲು ತರೋಕೆ ಕಾರು ತೆಗೀಬೇಡಿ ಅಂತ ಬೈದರು ಕೂಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಬರುತ್ತದೆ, ಪೈಪ್ ಪೂರ್ತಿ ಕಾಯದಿದ್ದರೆ ಅದು ಸೈಲೆನ್ಸರ್‌ನಲ್ಲೇ ನಿಂತು ಒಳಗಿನಿಂದ ತಿನ್ನುತ್ತದಂತೆ.

ತಮಾಷೆಯೆಂದರೆ, ಇಷ್ಟು ಸೋರುತ್ತಿದ್ದಾಗಲೇ ನನ್ನ ಕಾರು ಎಮಿಷನ್ ಟೆಸ್ಟ್ ಪಾಸಾಗಿತ್ತು! ನಳಿಗೆ ಹಾಕುವುದು ಹಿಂದಿನ ಪೈಪಿಗೆ. ಮುಂದೆ ಸೋರುವ ಕಡೆ ಹೊರಗಿನ ಗಾಳಿ ಸೇರಿಕೊಂಡರೆ ಲೆಕ್ಕ ಇನ್ನೂ ಕಮ್ಮಿಯೇ ತೋರಿಸುತ್ತದೆ.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಸದ್ದು, ಹೊಗೆಯ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡವಿದೆ. ದಂಡ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ 15 ವರ್ಷ ದಾಟಿದ ಕಾರುಗಳು ನೋಂದಣಿ ನವೀಕರಣಕ್ಕೆ ಬಂದಾಗ ಆರ್‌ಟಿಒದವರು ಒಮ್ಮೆ ಟಾರ್ಚ್ ಹಿಡಿದು ಕೆಳಗೂ ನೋಡಲಿ. ಐದು ನಿಮಿಷ ಸಾಕು.

– ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ