ಮಕ್ಕಳ ಗಾಯದ ಬಗ್ಗೆ ಶಾಲೆ ಯಾಕೆ ಕೇಳುತ್ತದೆ

ಬಾಗಲಕೋಟೆ

ಪೋಷಕರಿಗೆ ನಮಸ್ಕಾರ.

"ನಮ್ಮ ಹುಡುಗನ್ನ ಒಬ್ಬನ್ನ ಕೂಡಿಸ್ಕೊಂಡು ಗಾಯ ಹೆಂಗಾತು ಅಂತ ಯಾಕ್ ಕೇಳಿದ್ರಿ? ನಾವೇನ್ ಕಟುಕರೇನ್ರಿ?" ಹೋದ ವಾರ ಒಬ್ಬ ತಂದೆ ನೊಂದು ಕೇಳಿದರು. ಇದೇ ಮಾತು ಇನ್ನೂ ಕೆಲವರ ಮನಸ್ಸಿನಲ್ಲಿದೆ. ಅದಕ್ಕೇ ಎಲ್ಲರಿಗೂ ಬರೆಯುತ್ತಿದ್ದೇನೆ.

ಮಕ್ಕಳು ಬೀಳುವವರೇ. ಖೋ-ಖೋ ಆಡಿದರೆ ಮೊಣಕಾಲು ತರಚುತ್ತದೆ. ಸೈಕಲ್‌ನಿಂದ ಬಿದ್ದರೆ ಮೊಣಕೈ, ಹಣೆ, ಗದ್ದ. ಕಬ್ಬಿನ ಹೊಲಕ್ಕೆ ಹೋದವರ ಕೈಗೆ ರವದಿ ಗೀರಿರುತ್ತದೆ. ಇಂಥದಕ್ಕೆ ಮುಲಾಮು ಹಚ್ಚಿ ತರಗತಿಗೆ ಕಳಿಸುತ್ತೇವೆ, ಅಷ್ಟೇ.

ಆದರೆ ಕಿವಿ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗ ಬೇರೆ. ಆಟದಲ್ಲಿ ಬಿದ್ದರೆ ಅಲ್ಲಿ ಪೆಟ್ಟಾಗುವುದು ಕಡಿಮೆ. ಬೆಲ್ಟಿನ ಅಗಲಕ್ಕೇ ಎದ್ದ ಬಾಸುಂಡೆ, ಮಡಚಿದ ವೈರಿನ ಗುರುತು, ಬೀಡಿ ತುದಿಯಷ್ಟು ದುಂಡಗಿನ ಸುಟ್ಟ ಗಾಯ ನೋಡಿ ಸುಮ್ನೆ ಇರಲು ಆಗುವುದಿಲ್ಲ. ದೊಡ್ಡ ಮಕ್ಕಳಲ್ಲಿ ಮುಂಗೈ ಮೇಲೆ ಸಾಲಾಗಿ ಸಣ್ಣ ಗೀರುಗಳಿದ್ದರೆ, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಡದಿದ್ದರೆ, ತಮಗೆ ತಾವೇ ಕುಯ್ದುಕೊಂಡದ್ದಿರಬಹುದು. ಅವರನ್ನು ದಯವಿಟ್ಟು ಬೈಯಬೇಡಿ. ಬೈದರೆ ಇನ್ನೂ ಮುಚ್ಚಿಡುತ್ತಾರೆ.

ಗುರುತು ನೋಡಿ ನಾವು ಯಾರನ್ನೂ ತಪ್ಪಿತಸ್ಥರು ಅನ್ನುವುದಿಲ್ಲ. ಡೆಂಗ್ಯೂವಿನಲ್ಲಿ, ಕೆಲವು ರಕ್ತದ ಕಾಯಿಲೆಗಳಲ್ಲಿ ಪೆಟ್ಟಿಲ್ಲದೆಯೂ ಮೈಮೇಲೆ ಕಲೆ ಏಳುತ್ತವೆ. ವೈದ್ಯರಿಗೆ ತೋರಿಸಿ ಎನ್ನುವುದು ಅದಕ್ಕೇ.

ಹಾಗಾದರೆ ಮಗುವನ್ನು ಒಂದನ್ನೇ ಯಾಕೆ ಕೇಳಬೇಕು? ನೀವು ಎದುರಿಗಿದ್ದರೆ ಮಗು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತದೆ. ಹೊಡೆದವರು ಮನೆಯವರೇ ಆಗಬೇಕೆಂದಿಲ್ಲ, ಅಲ್ವಾ? ಟ್ಯೂಷನ್ನಿನವರು, ಓಣಿಯ ದೊಡ್ಡ ಹುಡುಗರು, ನಮ್ಮ ಶಿಕ್ಷಕರೇ ಇರಬಹುದು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಮ್ಮವರು ಕೈ ಎತ್ತಿದ್ದನ್ನೂ ಮಗು ಹೇಳಲಿ ಅಂತಲೇ ಕೇಳುತ್ತೇವೆ. ಇನ್ನು ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ನನ್ನ ಇಷ್ಟ, ನಿಮ್ಮ ಇಷ್ಟ ನಡೆಯುವುದಿಲ್ಲ.

ನಿಮಗೆ ಮುಜುಗರ ಆಗುತ್ತದೆ, ಗೊತ್ತು. ಆದರೂ ಕೇಳುವುದನ್ನು ನಿಲ್ಲಿಸುವುದಿಲ್ಲ. ಬೇರೆ ಮಕ್ಕಳ ಮುಂದೆ ಕೇಳುವುದಿಲ್ಲ, ಬಟ್ಟೆ ಬಿಚ್ಚಿಸುವುದಿಲ್ಲ, ಜೊತೆಗೆ ಒಬ್ಬ ಶಿಕ್ಷಕಿ ಇದ್ದೇ ಇರುತ್ತಾರೆ. ನಿಮಗೆ ತಿಳಿಸುವುದರಿಂದ ಮಗುವಿಗೆ ಅಪಾಯ ಇಲ್ಲ ಅನ್ನಿಸಿದರೆ ಅವತ್ತೇ ನಿಮಗೂ ಫೋನ್ ಮಾಡುತ್ತೇವೆ.

ಮನೆಯಲ್ಲಿ ಪೆಟ್ಟಾದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ.

ಸಿಟ್ಟಿನಲ್ಲಿ ಕೈ ಮಾಡಿ ಆಮೇಲೆ ಸಂಕಟಪಡುವ ತಂದೆ-ತಾಯಿ ಇದ್ದಾರೆ. ಅವರು ನನ್ನ ಹತ್ತಿರ ಬರಲಿ. ಶಾಲೆ ಬಿಟ್ಟ ಮೇಲೆ ಆಫೀಸಿನಲ್ಲೇ ಇರುತ್ತೇನೆ. ನನ್ನ ಹತ್ತಿರ ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳೂ ಅದಕ್ಕೆ ಫೋನ್ ಮಾಡಬಹುದು. ಈ ನಂಬರನ್ನು ಎಲ್ಲ ತರಗತಿಯಲ್ಲೂ ಬರೆಸಿದ್ದೇನೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ