ರಾತ್ರಿಯ ತಾಪಮಾನವೂ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ಬಿಸಿಲು ಏರಿತೆಂದರೆ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಹಗಲಿನ ಗರಿಷ್ಠ ತಾಪಮಾನ. ಪಾದರಸ ಎಲ್ಲಿಗೆ ಮುಟ್ಟಿತು, ಎಷ್ಟು ವರ್ಷಗಳ ದಾಖಲೆ ಮುರಿಯಿತು ಎಂಬುದು ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಕನಿಷ್ಠ ತಾಪಮಾನ ಮಾತ್ರ ಒಳಪುಟದ ಪಟ್ಟಿಯ ಮೂಲೆಯಲ್ಲೇ ಉಳಿಯುತ್ತದೆ. ಭೂಮಿಯ ಬಿಸಿ ನಮ್ಮ ಆರೋಗ್ಯವನ್ನೂ ಅನ್ನವನ್ನೂ ಹೇಗೆ ತಟ್ಟುತ್ತಿದೆ ಎಂದು ತಿಳಿಯಬೇಕಾದರೆ ಆ ಮೂಲೆಯ ಅಂಕಿಯನ್ನೇ ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಹಗಲು ಹೀರಿಕೊಂಡ ಶಾಖವನ್ನು ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಇಂಗಾಲದ ಡೈಆಕ್ಸೈಡ್, ನೀರಾವಿ ಮುಂತಾದವು ಆ ಶಾಖವನ್ನು ತಡೆದು ಒಂದು ಪಾಲನ್ನು ನೆಲಕ್ಕೇ ಮರಳಿಸುತ್ತವೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ರ ಜಾಗತಿಕ ಸರಾಸರಿ ತಾಪಮಾನ 1850–1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬಂದ ಮಳೆ ಒಮ್ಮೆಲೇ ಸುರಿಯುವುದಕ್ಕೂ, ಬಾರದಿದ್ದಾಗ ನೆಲದ ತೇವ ಬೇಗನೆ ಆರಿಹೋಗುವುದಕ್ಕೂ ಮೂಲ ಅದೇ. ನೆರೆಗೂ ಬರಕ್ಕೂ ಒಂದೇ ಕಾರಣ ಹೇಳುತ್ತೀರಲ್ಲ ಎಂದು ವ್ಯಂಗ್ಯವಾಡುವವರು ಇದನ್ನು ಗಮನಿಸುವುದು ಒಳ್ಳೆಯದು.

ದೇಹ ತಣಿಯುವುದು ಬೆವರು ಆರುವುದರಿಂದ. ತೇವಾಂಶ ಹೆಚ್ಚಿದ್ದರೆ ಬೆವರು ಮೈಮೇಲೆ ಹರಿಯುತ್ತದೆಯೇ ಹೊರತು ಆರುವುದಿಲ್ಲ. ಹೀಗಾಗಿ ಒಣಹವೆಯ 42 ಡಿಗ್ರಿಗಿಂತ ತೇವ ತುಂಬಿದ 36 ಡಿಗ್ರಿ ಹೆಚ್ಚು ಅಪಾಯಕಾರಿಯಾಗಬಲ್ಲದು. ಸೆಕೆಯಲ್ಲಿ ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸಲು ದುಡಿಯುತ್ತದೆ. ಆ ದುಡಿಮೆಗೆ ಬಿಡುವು ಸಿಗಬೇಕಾದದ್ದು ರಾತ್ರಿ. ಹಗಲೆಲ್ಲ ಕಾದ ಗೋಡೆ, ತಾರಸಿಗಳು ನಡುರಾತ್ರಿಯವರೆಗೂ ಬಿಸಿ ಉಗುಳುತ್ತಿದ್ದರೆ ಆ ಬಿಡುವು ಇಲ್ಲವಾಗುತ್ತದೆ. ಎರಡು-ಮೂರು ದಿನ ಹೀಗೇ ಮುಂದುವರಿದರೆ ವೃದ್ಧರು, ಹೃದಯ ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು ಕುಸಿಯುತ್ತಾರೆ. ಇಂತಹ ಸಾವುಗಳಲ್ಲಿ ಹೆಚ್ಚಿನವು ಹೃದಯಾಘಾತವೆಂದೋ ಉಸಿರಾಟದ ತೊಂದರೆಯೆಂದೋ ದಾಖಲಾಗುತ್ತವೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಸುಮಾರು 70,000 ಹೆಚ್ಚುವರಿ ಸಾವುಗಳು ಸಂಭವಿಸಿದವೆಂಬುದು ಗೊತ್ತಾದದ್ದು ಹಿಂದಿನ ವರ್ಷಗಳ ಮರಣದ ಲೆಕ್ಕದೊಂದಿಗೆ ಹೋಲಿಸಿ ನೋಡಿದ ಮೇಲೆಯೇ. ಸೊಳ್ಳೆಯ ದೇಹದಲ್ಲಿ ಡೆಂಗಿ ವೈರಾಣು ಬೆಚ್ಚನೆಯ ಹವೆಯಲ್ಲಿ ಬೇಗ ಬೆಳೆಯುತ್ತದೆ ಎಂಬುದೂ ಇದಕ್ಕೆ ಸೇರಬೇಕಾದ ಮಾತು.

ಬೆಳೆಗೂ ರಾತ್ರಿಯ ತಂಪು ಬೇಕು. ಭತ್ತದ ಹೂ ದಿನದಲ್ಲಿ ಬಾಯ್ದೆರೆಯುವುದು ಸುಮಾರು ಒಂದೆರಡು ಗಂಟೆ ಮಾತ್ರ. ಆ ಹೊತ್ತಿಗೆ ತಾಪಮಾನ 35 ಡಿಗ್ರಿ ಮೀರಿದ್ದರೆ ಪರಾಗ ಸರಿಯಾಗಿ ಉದುರದೆ, ಹೊರಗಿನಿಂದ ಹಸಿರಾಗಿಯೇ ಕಾಣುವ ತೆನೆಯಲ್ಲಿ ಕಾಳು ಜೊಳ್ಳಾಗುತ್ತದೆ. ಹಗಲು ತಯಾರಿಸಿದ ಆಹಾರದ ಒಂದು ಪಾಲನ್ನು ಗಿಡ ರಾತ್ರಿ ಉಸಿರಾಟಕ್ಕೆ ವ್ಯಯಿಸುತ್ತದೆ. ರಾತ್ರಿ ಬಿಸಿಯಾದಷ್ಟೂ ಆ ವ್ಯಯ ಹೆಚ್ಚಿ, ಕಾಳಿಗೆ ಸೇರಬೇಕಾದದ್ದು ಕರಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ದಾಖಲೆಗಳನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಣ ಹಂಗಾಮಿನ ಕನಿಷ್ಠ ತಾಪಮಾನ ಒಂದು ಡಿಗ್ರಿ ಏರಿದಾಗ ಇಳುವರಿ ಸುಮಾರು ಶೇ 10ರಷ್ಟು ಇಳಿದದ್ದು ಕಂಡುಬಂತು. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಬೆಳೆಗೆ ಲಾಭವೇ ಅಲ್ಲವೇ ಎಂಬ ವಾದ ಪೂರ್ತಿ ಸುಳ್ಳಲ್ಲ; ಆದರೆ ಹಾಗೆ ಬೆಳೆದ ಅಕ್ಕಿ, ಗೋಧಿಯಲ್ಲಿ ಪ್ರೋಟೀನ್, ಸತು, ಕಬ್ಬಿಣದ ಅಂಶಗಳು ಕಡಿಮೆಯಾಗುತ್ತವೆ ಎಂಬುದನ್ನು ಆ ವಾದ ಮಾಡುವವರು ಹೇಳುವುದಿಲ್ಲ.

ಒಂದು ಕಡೆಯ ನಷ್ಟ ಅಲ್ಲಿಗೇ ನಿಲ್ಲುವುದೂ ಇಲ್ಲ. 2010ರಲ್ಲಿ ಬಿಸಿಗಾಳಿ ಮತ್ತು ಬರದಿಂದ ಬೆಳೆ ಒಣಗಿದಾಗ ರಷ್ಯಾ ಆಗಸ್ಟ್‌ನಲ್ಲಿ ಗೋಧಿ ರಫ್ತನ್ನು ನಿಷೇಧಿಸಿತು; ಬೆಲೆ ಏರಿದ್ದು ಗೋಧಿ ಕೊಂಡು ತಿನ್ನುವ ದೂರದ ದೇಶಗಳಲ್ಲಿ.

ಹೊಗೆ ಉಗುಳುವುದನ್ನು ತಗ್ಗಿಸುವ ಕೆಲಸ ಪತ್ರಿಕೆಗಳ ಕೈಯಲ್ಲಿಲ್ಲ, ಸರಿ. ಆದರೆ ಹವಾಮಾನ ಒಂದು ಪುಟದಲ್ಲಿ, ಆಸ್ಪತ್ರೆಯ ಸುದ್ದಿ ಇನ್ನೊಂದರಲ್ಲಿ, ಧಾನ್ಯದ ದರ ಮತ್ತೊಂದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ಬರುವುದನ್ನು ನೀವು ತಪ್ಪಿಸಬಹುದು. ಗರಿಷ್ಠ ತಾಪಮಾನದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರಗಳಲ್ಲಿ, ರಾತ್ರಿಯ ಕನಿಷ್ಠ ತಾಪಮಾನ, ಅದು ವಾಡಿಕೆಗಿಂತ ಎಷ್ಟು ಹೆಚ್ಚು ಎಂಬ ಲೆಕ್ಕ ಮತ್ತು ತೇವಾಂಶವನ್ನು ಪ್ರತಿದಿನ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗ