ಕಾಲುಸೇತುವೆಯ ಬಿರುಕಿಗೆ ಗಿಲಾವು ಸಾಲದು, ಪರೀಕ್ಷೆ ಮಾಡಿಸಿ

ಗೆ,
ಪೌರಾಯುಕ್ತರು,
ನಗರಸಭೆ

ವಿಷಯ: ಕಾಲುವೆ ಮೇಲಿನ ಕಾಂಕ್ರೀಟ್ ಕಾಲುಸೇತುವೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಅವರಿಂದ ಕೂಡಲೇ ಪರೀಕ್ಷೆ ಮಾಡಿಸುವ ಬಗ್ಗೆ

ಮಾನ್ಯರೇ,

ಕಾಲುವೆಯ ಎರಡೂ ದಡದ ನಿವಾಸಿಗಳು ಸೇರಿ ಇದನ್ನು ಬರೆಯುತ್ತಿದ್ದೇವೆ. ನಮ್ಮ ಮಕ್ಕಳು ಶಾಲೆಗೆ ಹೋಗುವುದು ಇದೇ ಸೇತುವೆ ಮೇಲೆ. ಹೋದ ತಿಂಗಳು ಅದರ ಅಡಿಯಿಂದ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆ ಕಳಚಿ ಕೆಳಗಿನ ಕಾಲುದಾರಿಗೆ ಬಿತ್ತು. ಅದನ್ನು ಎತ್ತಿಟ್ಟುಕೊಂಡಿದ್ದೇವೆ. ತಿರುಗಿಸಿ ನೋಡಿದರೆ ಒಳಬದಿಯಲ್ಲಿ ಕಬ್ಬಿಣದ ಸರಳಿನ ಅಚ್ಚು ಹಾಗೇ ಮೂಡಿದೆ, ಸರಳಿನ ಮೇಲಿರುವ ಏಣುಗಳ ಗುರುತು ಸಮೇತ, ಮತ್ತು ಆ ಅಚ್ಚಿನ ತುಂಬಾ ಕಂದು ಬಣ್ಣದ ತುಕ್ಕಿನ ಪುಡಿ.

ದೂರು ಕೊಟ್ಟ ಮೇಲೆ ಕೆಲಸದವರು ಬಂದರು. ಬಿದ್ದ ಜಾಗಕ್ಕೆ ಸಿಮೆಂಟ್ ಮೆತ್ತಿದರು, ಬಿರುಕಿನ ಮೇಲೆ ಗಿಲಾವು ಎಳೆದರು, ಮೇಲೆ ನೀರು ನಿಲ್ಲುತ್ತದೆ ಅಂತ ಇನ್ನೊಂದು ಪದರ ಕಾಂಕ್ರೀಟನ್ನೂ ಹಾಕಿ ಹೋದರು. ಇದರಿಂದ ಸೇತುವೆಗೆ ಬಲ ಬಂದಿಲ್ಲ. ಕೇಳಿದರೆ "ಕೂದಲೆಳೆಯಷ್ಟು ಬಿರುಕು ಎಲ್ಲಾ ಕಾಂಕ್ರೀಟಿನಲ್ಲೂ ಇರುತ್ತೆ" ಅನ್ನುತ್ತಾರೆ. ಅದು ಅರ್ಧ ನಿಜ, ಹಾಗಾಗಿ ಉಳಿದರ್ಧವನ್ನು ಬಿಡಿಸಿ ಹೇಳುತ್ತೇವೆ.

ಒಂದು ಉದ್ದನೆಯ ರಬ್ಬರ್ ತೆಗೆದುಕೊಂಡು ಅದರ ಪಕ್ಕದಲ್ಲಿ ಪೆನ್ನಿನಿಂದ ಸಾಲಾಗಿ ಮೇಲಿಂದ ಕೆಳಕ್ಕೆ ನೆಟ್ಟಗೆ ಗೆರೆ ಎಳೆಯಿರಿ. ಎರಡು ತುದಿಗೆ ಆಸರೆ ಕೊಟ್ಟು ನಡುವೆ ಒತ್ತಿ. ಗೆರೆಗಳು ಮೇಲೆ ಒಂದಕ್ಕೊಂದು ಹತ್ತಿರ ಬರುತ್ತವೆ, ಕೆಳಗೆ ದೂರ ಸರಿಯುತ್ತವೆ. ಸೇತುವೆಯ ಸ್ಲ್ಯಾಬಿನಲ್ಲೂ ಆಗುವುದು ಇಷ್ಟೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಮೇಲ್ಭಾಗ ಅದುಮಿಕೊಳ್ಳುತ್ತದೆ, ಅಡಿಭಾಗ ಎಳೆತಕ್ಕೆ ಸಿಗುತ್ತದೆ.

ಕಾಂಕ್ರೀಟಿಗೆ ಅದುಮಿದರೆ ತೊಂದರೆ ಇಲ್ಲ, ಎಷ್ಟೋ ಭಾರ ತಡೆಯುತ್ತದೆ. ಎಳೆದರೆ ಮಾತ್ರ ಅದರ ಸುಮಾರು ಹತ್ತನೇ ಒಂದು ಪಾಲಿಗೇ ಸೀಳುತ್ತದೆ. ಸೀಮೆಸುಣ್ಣದ ಹಾಗೆ: ತುದಿಯಿಂದ ಒತ್ತಿದರೆ ಗಟ್ಟಿ, ಸ್ವಲ್ಪ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತೆ. ಅದಕ್ಕೇ ಅಡಿಭಾಗದಲ್ಲಿ ಸರಳು ಹಾಕುವುದು. ಎಳೆತ ಹೊರುವುದು ಆ ಸರಳು. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುವುದರಿಂದ ಈ ಜೋಡಿ ಬಿಟ್ಟುಕೊಳ್ಳದೆ ಬಾಳುತ್ತದೆ. ಸರಳು ಎಳೆತ ತೆಗೆದುಕೊಳ್ಳುವಾಗ ಕಾಂಕ್ರೀಟಿನಲ್ಲಿ ಸಣ್ಣ ಬಿರುಕು ಬರುವುದು ಸಹಜ, ಸುಮಾರು 0.3 ಮಿಲಿಮೀಟರ್‌ವರೆಗೆ ಡಿಸೈನಿನಲ್ಲೇ ಒಪ್ಪುತ್ತಾರೆ.

ಆದರೆ ಆ ಸಹಜ ಬಿರುಕು ಸೇತುವೆಯ ಅಡ್ಡಕ್ಕೆ ಇರುತ್ತದೆ. ನಮ್ಮಲ್ಲಿರುವುದು ಉದ್ದಕ್ಕೆ, ಸರಳು ಹಾದು ಹೋದ ಜಾಡಿನಲ್ಲೇ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ, ಒಳಗಿಂದಲೇ ನೂಕಿ ಕಾಂಕ್ರೀಟನ್ನು ಸಿಡಿಸುತ್ತದೆ. ಅಂದರೆ ಎಳೆತ ಹೊರಬೇಕಾದ ಸರಳೇ ಸವೆಯುತ್ತಿದೆ. ಗಿಲಾವು ಅದನ್ನು ಕಣ್ಣಿಂದ ಮರೆ ಮಾಡಿತು, ಅಷ್ಟೇ ಅಲ್ವಾ?

ಮೇಲೆ ಹಾಕಿದ ಪದರವನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆವು. ಹಲವು ಕಡೆ ಟೊಳ್ಳು ಸದ್ದು. ಹಳೆಯದಕ್ಕೆ ಬೆಸೆಯದ ಪದರ ಬಲ ಕೊಡುವುದಿಲ್ಲ, ಸುಮ್ನೆ ಭಾರ ಕೂರಿಸುತ್ತದೆ. ಇನ್ನೊಂದು ಭಯ ನಮ್ಮದು: ನಡೆಯುವವರಿಗೆ ಜಾಗ ಸಾಲದೆಂದು ಸೇತುವೆಯ ಅಂಚನ್ನು ಹೊರಚಾಚಿ ಕಟ್ಟಿದ್ದಾರಲ್ಲ, ಅಲ್ಲಿ ಲೆಕ್ಕ ಉಲ್ಟಾ. ಒಂದೇ ಕಡೆ ಹಿಡಿತ ಇರುವುದರಿಂದ ಎಳೆತ ಮೇಲ್ಭಾಗದಲ್ಲಿರುತ್ತದೆ, ಸರಳೂ ಅಲ್ಲೇ. ಅಲ್ಲಿ ಬಿರುಕು ಬಿಟ್ಟಿದ್ದರೆ ಕಾಣಬೇಕಾದ ಜಾಗವೇ ಈಗ ಹೊಸ ಪದರದಡಿ ಮುಚ್ಚಿಹೋಗಿದೆ. ಹೊರಚಾಚಿದ ಭಾಗ ಹೋದರೆ ಮುನ್ಸೂಚನೆ ಕೊಡದೆ ಹೋಗಬಹುದು.

ಎಳೆತದಲ್ಲಿರುವ ಬಿರುಕನ್ನು ಚಿಕ್ಕದು ಅಂತ ಬಿಡಬೇಡಿ ಎಂದು ಕೇಳುವುದಕ್ಕೆ ಕಾರಣ ಇದೆ. ಅಮೆರಿಕದ ಓಹಾಯೋ ನದಿಯ ಸಿಲ್ವರ್ ಬ್ರಿಡ್ಜ್ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಸೇತುವೆಯನ್ನು ತೂಗಿ ಹಿಡಿದಿದ್ದ ಉಕ್ಕಿನ ಪಟ್ಟಿಗಳ ಸರಪಳಿಯಲ್ಲಿ ಒಂದೇ ಒಂದು ಪಟ್ಟಿ ತುಂಡಾಗಿತ್ತು. ಅದು ಶುರುವಾಗಿದ್ದು ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕಿನಿಂದ. ಅದಾದ ಮೇಲೆ, 1971ರಲ್ಲಿ, ಆ ದೇಶದಲ್ಲಿ ಸೇತುವೆ ತಪಾಸಣೆಗೆ ರಾಷ್ಟ್ರೀಯ ನಿಯಮ ಬಂತು. ನಮ್ಮದು ಕಾಂಕ್ರೀಟಿನದು, ಕಟ್ಟಿದ ರೀತಿ ಬೇರೆ, ಒಪ್ಪುತ್ತೇವೆ. ಆದರೆ ಅದುಮಿದರೆ ಬಿರುಕು ಮುಚ್ಚಿಕೊಳ್ಳುವುದು, ಎಳೆದರೆ ಬಾಯಿ ಬಿಡುವುದು ಎರಡು ಕಡೆಯೂ ಒಂದೇ.

ಆದ್ದರಿಂದ ಮೊದಲು, ಈ ವಾರವೇ, ಎರಡೂ ತುದಿಗೆ ಗೂಟ ನೆಟ್ಟು ಬೈಕು ಮತ್ತು ಸಾಮಾನಿನ ಗಾಡಿ ಹೋಗದಂತೆ ತಡೆಯಿರಿ, ಹೊರಚಾಚಿದ ಅಂಚಿಗೂ ಕೆಳಗಿನ ಕಾಲುದಾರಿಗೂ ಬೇಲಿ ಹಾಕಿ. ಆಮೇಲೆ ಗಿಲಾವು ಕೆತ್ತಿಸಿ, ಅಂಚಿನ ಮೇಲಿನ ಪದರ ತೆಗೆಸಿ, ಸರಳು ಎಷ್ಟು ದಪ್ಪ ಉಳಿದಿದೆ ಅಂತ ಅಳತೆ ಮಾಡಿಸಿ. ತುಕ್ಕು ಹಿಡಿದ ಕಡೆ ಸರಳಿನ ಹಿಂದಿನವರೆಗೂ ಕಾಂಕ್ರೀಟ್ ಬಿಡಿಸಿ, ಉಜ್ಜಿ, ಸವೆದಿದ್ದರೆ ಹೊಸ ಸರಳು ಜೋಡಿಸಿದ ಮೇಲೆಯೇ ಮುಚ್ಚಲಿ. ಸೇತುವೆಯನ್ನು ಪೂರ್ತಿ ಮುಚ್ಚಬೇಕು ಅಂತ ಎಂಜಿನಿಯರ್ ಹೇಳಿದರೆ ನಾವು ಸುತ್ತು ಹಾಕಿಕೊಂಡು ಓಡಾಡುತ್ತೇವೆ, ಗಲಾಟೆ ಮಾಡುವುದಿಲ್ಲ.

ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿಕೊಡಿ. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ. ದಿನಾ ನೋಡಿ ಬರೆದಿಡುವ ಕೆಲಸ ನಮಗೆ ಬಿಡಿ, ಸರದಿ ಹಾಕಿಕೊಂಡಿದ್ದೇವೆ. ಬಿದ್ದ ಚಕ್ಕೆಯನ್ನು ಈ ಮನವಿಯ ಜೊತೆ ತಂದಿದ್ದೇವೆ, ದಯವಿಟ್ಟು ಎಂಜಿನಿಯರ್ ಅವರಿಗೆ ತೋರಿಸಿ.

ಇಂತಿ,
ಕಾಲುವೆಯ ಎರಡೂ ದಡದ ನಿವಾಸಿಗಳು